ಮನದ ಕಳವಳ

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಮೊದಲ ವರ್ಷಗಳ ಮಾತು. ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಕನ್ನಡ ಬೋಧಿಸುತ್ತಿದ್ದೆನು. ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಅವನು ಬರೆದ ಉತ್ತರಗಳಲ್ಲಿ ತಪ್ಪನ್ನು ಹುಡುಕಿ ತೆಗೆಯಬೇಕಾಗಿದ್ದಿತು. ಆದರೆ ಎದ್ದುನಿಂತು ಒಂದು ಪದ್ಯವನ್ನು ಓದೆಂದರೆ ಸಾಕು, ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಪುಸ್ತಕ ಹಿಡಿದ ಕೈ ನಡುಗುತ್ತಿತ್ತು. ಬಾಯಿಂದ ಧ್ವನಿಯೇ ಹೊರಡುತ್ತಿರಲಿಲ್ಲ. ಕಾರಣ ಕೇಳಿದಾಗ ಒಮ್ಮೆ ಮೆಲ್ಲನೆ, "ಎದಿ ಡವಡವ ಅಂತದ್ರಿ ಸರ್, ಉಸಿರು ಹಿಡದಂಗ ಆಗ್ತದ್ರಿ" ಎಂದನು. "ನೆಪ ಹೇಳಬೇಡ" ಎಂದು ನಾನು ಗದರಿದೆನು. ಒಂದು ದಿನ ಹಟ ಹಿಡಿದು ಅವನನ್ನು ತರಗತಿಯ ಮುಂದೆ ನಿಲ್ಲಿಸಿದೆನು. ಅವನು ಬೆವರುತ್ತ ನಿಂತೇ ಇದ್ದನು. ಮಕ್ಕಳೆಲ್ಲರೂ ನಕ್ಕರು. ಅವರೊಡನೆ ನಾನೂ ನಕ್ಕೆನು. ಮಾರನೆಯ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಕೆಲವು ತಿಂಗಳ ಅನಂತರ, ಅವನು ಅಣ್ಣನೊಡನೆ ಮುಂಬಯಿಗೆ ದುಡಿಯಲು ಹೋದನೆಂದು ತಿಳಿಯಿತು.

ಆ ಹುಡುಗನು ಸೋಮಾರಿಯಾಗಿರಲಿಲ್ಲ, ದಡ್ಡನಾಗಿರಲಿಲ್ಲ, ಹಟಮಾರಿಯೂ ಆಗಿರಲಿಲ್ಲ. ಅವನಿಗಿದ್ದುದು ಒಂದು ಬಗೆಯ ಬೇನೆ. ಮೈಯ ಬೇನೆಗೆ ಔಷಧವಿರುವಂತೆ ಅದಕ್ಕೂ ಪರಿಹಾರವಿದ್ದಿತು. ಅದನ್ನು ಅರಿಯಬೇಕಾಗಿದ್ದ ನಾನು ಅರಿಯದೆ ಹೋದೆನು. ನಾನು ತಡವಾಗಿ ಕಲಿತ ಆ ಸಂಗತಿಯನ್ನು ನೀವು ಬೇಗನೆ ಕಲಿಯಲಿ ಎಂಬ ಆಶೆಯಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಮನಸ್ಸಿನ ಈ ಸ್ಥಿತಿಗೆ ಹಲವು ಹೆಸರುಗಳಿವೆ: ಅಂಜಿಕೆ, ಕಳವಳ, ದಿಗಿಲು, ಆತಂಕ, ಉದ್ವೇಗ. ನಮ್ಮ ಕಡೆಯ ಜನ 'ಗಾಬರಿ' ಎನ್ನುತ್ತಾರೆ. 'ಜೀವ ಹೊಯ್ದಾಡತದ' ಎನ್ನುತ್ತಾರೆ. ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿ ಮನಸ್ಸಿನ ವಿಕಾರಗಳನ್ನು ಹೆಸರಿಸುವಾಗ ಭಯ, ಶೋಕಗಳ ಜೊತೆಗೆ 'ಚಿತ್ತೋದ್ವೇಗ' ಎಂಬ ಮಾತೂ ಬಂದಿದೆ. ಆದ್ದರಿಂದ ಇದು ಇಂದಿನ ಕಾಲದ ಅಥವಾ ಪಟ್ಟಣದವರ ಬೇನೆಯೆಂದು ತಿಳಿಯುವುದು ಸರಿಯಲ್ಲ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಚಿತೆಯು ಸತ್ತವರನ್ನು ಸುಟ್ಟರೆ ಚಿಂತೆಯು ಬದುಕಿರುವವರನ್ನು ಸುಡುತ್ತದೆ ಎಂಬುದು ಅದರ ತಾತ್ಪರ್ಯ.

ಭಯ ಮತ್ತು ಆತಂಕ ಇವೆರಡೂ ಒಂದೇ ಬಳ್ಳಿಯ ಕಾಯಿಗಳಾದರೂ ಅವುಗಳಲ್ಲಿ ಒಂದು ಭೇದವುಂಟು. ತೊಗರಿಯ ಹೊಲದಲ್ಲಿ ಕಳೆ ತೆಗೆಯುತ್ತಿರುವಾಗ ಕಾಲ ಬಳಿ ನಾಗರಹಾವು ಹೆಡೆಯೆತ್ತಿದರೆ ಉಂಟಾಗುವುದು ಭಯ. ಅದಕ್ಕೆ ಕಣ್ಣೆದುರಿನ ಕಾರಣವಿದೆ. ಹಾವು ಸರಿದುಹೋದ ಮೇಲೆ ಭಯವೂ ಸರಿದುಹೋಗುತ್ತದೆ. ನಾಳೆ ಹೊಲದಲ್ಲಿ ಹಾವಿದ್ದರೆ ಏನು ಗತಿ, ಅದು ಕಚ್ಚಿದರೆ ಏನು ಗತಿ, ಆಸ್ಪತ್ರೆ ದೂರವಿದೆಯಲ್ಲ ಎಂದು ರಾತ್ರಿಯೆಲ್ಲ ಹೊರಳಾಡುವುದು ಆತಂಕ. ಭಯವು ಎದುರಿಗಿರುವುದನ್ನು ಕುರಿತದ್ದು. ಆತಂಕವು ಮುಂದೆ ಬರಬಹುದಾದುದನ್ನು ಕುರಿತದ್ದು. ಹೆದರಿದವನಿಗೆ ಹಗ್ಗವೂ ಹಾವಾಗಿ ಕಾಣುತ್ತದೆ ಎಂಬ ಮಾತು ಈ ಎರಡನೆಯ ಸ್ಥಿತಿಗೆ ಚೆನ್ನಾಗಿ ಹೊಂದುತ್ತದೆ.

ಈ ಸ್ಥಿತಿಯಲ್ಲಿ ಎದೆ ಏಕೆ ಬಡಿದುಕೊಳ್ಳುತ್ತದೆ? ಬಾಯಿ ಏಕೆ ಒಣಗುತ್ತದೆ? ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಎಂಬವರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಶ್ನೆಗಳನ್ನು ವಿಚಾರಮಾಡಿದರು. ಅಪಾಯವನ್ನು ಕಂಡ ಪ್ರಾಣಿಗೆ ಎರಡು ದಾರಿಗಳಿರುತ್ತವೆ: ಎದುರಿಸಿ ಹೋರಾಡುವುದು, ಇಲ್ಲವೆ ಓಡಿಹೋಗುವುದು. ಎರಡಕ್ಕೂ ದೇಹದಲ್ಲಿ ಹೆಚ್ಚಿನ ಶಕ್ತಿ ಬೇಕು. ನಮ್ಮ ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಪುಟ್ಟ ಅಂಗವಿದೆ. ಅಪಾಯದ ಸೂಚನೆ ದೊರೆತೊಡನೆ ಅದು ಊರ ಕಾವಲುಗಾರನಂತೆ ಎಚ್ಚರಿಕೆ ಕೊಡುತ್ತದೆ. ಆಗ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಸ್ನಾಯುಗಳಿಗೆ ಹೆಚ್ಚು ರಕ್ತವನ್ನು ಒದಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಹೆಚ್ಚು ಪ್ರಾಣವಾಯುವಿಗಾಗಿ ಉಸಿರಾಟ ತೀವ್ರವಾಗುತ್ತದೆ. ಕಾದ ಮೈಯನ್ನು ತಣಿಸಲು ಬೆವರು ಹರಿಯುತ್ತದೆ. ಜೀರ್ಣಕ್ರಿಯೆ ಆ ಹೊತ್ತಿಗೆ ಅನಗತ್ಯವಾದುದರಿಂದ ಬಾಯಿ ಒಣಗಿ, ಹೊಟ್ಟೆ ಕಿವುಚಿದಂತಾಗುತ್ತದೆ. ಉಸಿರು ಅತಿವೇಗವಾದಾಗ ರಕ್ತದಲ್ಲಿಯ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಇಳಿಯುತ್ತದೆ. ಅದರಿಂದ ತಲೆ ತಿರುಗುವುದು, ಬೆರಳ ತುದಿಗಳು ಜುಮುಗುಡುವುದು ಉಂಟಾಗುತ್ತವೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಆತಂಕಗೊಂಡವನ ಎದೆಬಡಿತ, ನಡುಕ, ಬೆವರು ಇವು ನಟನೆಯಲ್ಲ. ಅವು ದೇಹದಲ್ಲಿ ನಿಜವಾಗಿಯೂ ನಡೆಯುವ ಕ್ರಿಯೆಗಳು. ಹಾವನ್ನು ಕಂಡಾಗ ನಡೆಯಬೇಕಾದ ಕ್ರಿಯೆಯು ಹಾವಿಲ್ಲದಿರುವಾಗಲೂ ನಡೆಯುವುದೇ ಇಲ್ಲಿಯ ತೊಡಕು. ಕಾವಲುಗಾರನು ಕಳ್ಳನನ್ನು ಕಂಡು ಕೂಗಿದರೆ ಊರಿಗೆ ಉಪಕಾರ. ಎಲೆ ಅಲುಗಿದಾಗಲೆಲ್ಲ ಕೂಗಿದರೆ ಊರಿಗೆ ನಿದ್ದೆಯಿಲ್ಲ.

ಹಾಗೆಂದು ಆತಂಕವೆಲ್ಲವೂ ಕೆಟ್ಟದ್ದೆಂದು ಭಾವಿಸಬಾರದು. ಮುಂಗಾರು ತಡವಾದರೆ ರೈತನ ಮನಸ್ಸು ಕಳವಳಗೊಳ್ಳುತ್ತದೆ. ಆ ಕಳವಳವೇ ಅವನನ್ನು ಬೀಜ, ಗೊಬ್ಬರಗಳ ಬಗ್ಗೆ ಮೊದಲೇ ಯೋಚಿಸುವಂತೆ ಮಾಡುತ್ತದೆ. ಪರೀಕ್ಷೆ ಹತ್ತಿರ ಬಂದಾಗ ತುಸುವಾದರೂ ಅಳುಕು ಇಲ್ಲದ ವಿದ್ಯಾರ್ಥಿ ಪುಸ್ತಕವನ್ನು ತೆರೆಯುವುದಿಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಪ್ರಚೋದನೆ ಅತಿ ಕಡಿಮೆಯಾದರೂ ಅತಿ ಹೆಚ್ಚಾದರೂ ಕಠಿಣವಾದ ಕೆಲಸದ ಕಲಿಕೆ ಕುಂದುತ್ತದೆಂದು ತೋರಿಸಿದರು. ವೀಣೆಯ ತಂತಿ ಸಡಿಲವಾದರೆ ನಾದವಿಲ್ಲ, ಬಿಗಿ ಮೀರಿದರೆ ತಂತಿಯೇ ಉಳಿಯುವುದಿಲ್ಲ. ಮನಸ್ಸಿನ ಬಿಗಿಯೂ ಹಾಗೆಯೇ ಹದದಲ್ಲಿರಬೇಕು.

ಹಾಗಾದರೆ ಸಹಜವಾದ ಆತಂಕವು ಯಾವಾಗ ವ್ಯಾಧಿಯೆನಿಸುತ್ತದೆ? ಇದನ್ನು ಅರಿಯಲು ಮೂರು ಪ್ರಶ್ನೆಗಳು ಸಹಾಯಕವಾಗುತ್ತವೆ. ಕಾರಣಕ್ಕೆ ತಕ್ಕಷ್ಟೇ ಕಳವಳವಿದೆಯೆ, ಇಲ್ಲವೆ ಅದು ಕಾರಣವನ್ನು ಮೀರಿದೆಯೆ? ಕಾರಣವು ಕಳೆದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದಿದೆಯೆ? ಊಟ, ನಿದ್ದೆ, ಓದು, ದುಡಿಮೆ, ನಾಲ್ವರೊಡನೆ ಬೆರೆಯುವುದು ಇವುಗಳಿಗೆ ಅಡ್ಡಿಯಾಗಿದೆಯೆ? ಉತ್ತರಗಳು ಹೌದೆಂದಾದರೆ ವೈದ್ಯರ ಸಲಹೆ ಅಗತ್ಯವೆಂದು ತಿಳಿಯಬೇಕು.

ಈ ವ್ಯಾಧಿಯಲ್ಲಿಯೂ ಹಲವು ಬಗೆಗಳಿವೆ. ಕೆಲವರು ಮನೆ, ಮಕ್ಕಳು, ಸಾಲ, ಆರೋಗ್ಯ ಎಂದು ಒಂದಾದ ಮೇಲೊಂದು ಚಿಂತೆಯನ್ನು ತಿಂಗಳುಗಟ್ಟಲೆ ಹೊತ್ತು ತಿರುಗುತ್ತಾರೆ. ಕೆಲವರಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಭೀತಿಯ ಅಲೆಯೊಂದು ಎದ್ದು, ಎದೆ ಒಡೆದು ಇನ್ನೇನು ಪ್ರಾಣ ಹೋಗುತ್ತದೆ ಎನ್ನಿಸುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ತುದಿಮುಟ್ಟಿ ಬಳಿಕ ಇಳಿಯುತ್ತದೆ. ಕೆಲವರು ಎತ್ತರಕ್ಕೆ, ನೀರಿಗೆ, ನಾಯಿಗೆ ಹೀಗೆ ಒಂದೊಂದು ವಸ್ತುವಿಗೆ ಮಿತಿಮೀರಿ ಅಂಜುತ್ತಾರೆ. ಕೆಲವರು ನಾಲ್ವರ ಮುಂದೆ ಮಾತನಾಡಲು, ಉಣ್ಣಲು, ಬರೆಯಲು ಕೂಡ ಹೆದರುತ್ತಾರೆ. ನನ್ನ ತರಗತಿಯ ಆ ಹುಡುಗನು ಈ ಕೊನೆಯ ಬಗೆಗೆ ಸೇರಿದವನಾಗಿದ್ದನೆಂದು ಈಗ ನನಗೆ ತೋರುತ್ತದೆ.

ಇಂಥವರ ಸಂಖ್ಯೆ ಚಿಕ್ಕದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 30 ಕೋಟಿಗೂ ಹೆಚ್ಚು ಜನರು ಆತಂಕದ ವ್ಯಾಧಿಗಳಿಂದ ಬಳಲುತ್ತಿದ್ದರು. ನಮ್ಮ ದೇಶದ ಹನ್ನೆರಡು ರಾಜ್ಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಹೆಚ್ಚುಕಡಿಮೆ ಹತ್ತು ವಯಸ್ಕರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಬೇರೆ ಬೇರೆ ವ್ಯಾಧಿಗಳಿಗೆ ಅನುಗುಣವಾಗಿ ಶೇಕಡ 70ರಿಂದ 92ರಷ್ಟು ಜನರಿಗೆ ತಕ್ಕ ಚಿಕಿತ್ಸೆಯೇ ದೊರೆತಿರಲಿಲ್ಲವೆಂಬುದು ಅದೇ ಸಮೀಕ್ಷೆಯ ಇನ್ನೊಂದು ಅಂಶ. ಬೇನೆಗಿಂತಲೂ ಬೇನೆಯನ್ನು ಮುಚ್ಚಿಡುವ ಸಂಕೋಚವೇ ಅನೇಕರನ್ನು ಆಸ್ಪತ್ರೆಯಿಂದ ದೂರವಿಟ್ಟಿದೆ.

ನಮ್ಮ ಭಾಗದಲ್ಲಿ ಮನಸ್ಸಿನ ಬೇನೆಯನ್ನು ಜನರು ಹೇಗೆ ಕಂಡರು ಎಂಬುದನ್ನೂ ಇಲ್ಲಿ ಹೇಳಬೇಕು. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವೆಡೆಯಲ್ಲಿರುವ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕಾಗಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ಬರುತ್ತಾರೆ. ಗಾಳಿ ಸೋಕಿದೆ, ಪೀಡೆ ಹಿಡಿದಿದೆ ಎಂದು ನಂಬಿದ ಮನೆಯವರು ತಮ್ಮವರನ್ನು ಅಲ್ಲಿಗೆ ಕರೆತರುವುದು ಬಹುಕಾಲದಿಂದ ನಡೆದುಬಂದಿದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಮನಃಶಾಂತಿಯನ್ನು ಬೇಡಿಕೊಳ್ಳುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಸಂಕಟ ಬಂದಾಗ ದೇವರನ್ನು ನೆನೆಯುವುದು ಮಾನವಸಹಜ. ಅದರಿಂದ ಧೈರ್ಯವೂ ಬರುತ್ತದೆ. ಅದನ್ನು ಹೀಯಾಳಿಸುವುದು ತರವಲ್ಲ. ಆದರೆ ಬೇನೆಯನ್ನು 'ಭಾನಾಮತಿ' ಎಂದು ಕರೆದು, ನೆರೆಮನೆಯವರು ಮಾಟ ಮಾಡಿಸಿದರೆಂದು ಸಂಶಯಪಟ್ಟು, ವಿನಾ ಕಾರಣ ಒಬ್ಬರನ್ನು ದೂಷಿಸುವುದು, ಭೂತ ಬಿಡಿಸುವ ನೆಪದಲ್ಲಿ ರೋಗಿಯನ್ನು ಹೊಡೆಯುವುದು ಇವು ಅನ್ಯಾಯ. ಕಲಬುರಗಿ ಮತ್ತು ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ಈ ಭಾನಾಮತಿಯ ಭೀತಿಯು ಎಷ್ಟೋ ಮನೆಗಳ ನೆಮ್ಮದಿಯನ್ನು ಕೆಡಿಸಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಹಾಗೂ ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು 1976ರಲ್ಲಿ ಒಂದು ಸಮಿತಿಯನ್ನು ರಚಿಸಿದರು. ಅಮಾನವೀಯ ಆಚರಣೆಗಳನ್ನು ತಡೆಯಲು ಕರ್ನಾಟಕದ ಶಾಸನಸಭೆಯು 2017ರಲ್ಲಿ ಕಾಯಿದೆಯೊಂದನ್ನು ಅಂಗೀಕರಿಸಿತು. ಕಾಯಿದೆಯಿಂದ ಪೆಟ್ಟನ್ನು ತಡೆಯಬಹುದು. ಅಂಜಿಕೆಯನ್ನು ಕಳೆಯಲು ಮಾತ್ರ ತಿಳಿವಳಿಕೆಯೇ ಬೇಕು.

ಅಂಥ ತಿಳಿವಳಿಕೆಯನ್ನು ಕನ್ನಡದಲ್ಲಿ ಹರಡಿದ ಹಿರಿಯರನ್ನು ನಾವು ಸ್ಮರಿಸಬೇಕು. 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ 'ರಾಶಿ' ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಅವರು ವೈದ್ಯರಾಗಿದ್ದರು. ಮನಸ್ಸಿನ ಬೇನೆಗಳನ್ನು ಕುರಿತು ಅವರು ಬರೆದ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸಿನಲ್ಲಿ ಮನೋವೈದ್ಯರಾಗಿ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗೆ ತಿಳಿಯುವ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ನನ್ನ ಕಣ್ಣು ತೆರೆದದ್ದೂ ಇಂಥ ಪುಸ್ತಕಗಳಿಂದಲೇ.

ಇನ್ನು ಚಿಕಿತ್ಸೆಯ ವಿಷಯ. ಅಫಜಲಪುರ ತಾಲೂಕಿನಲ್ಲಿ ಭೀಮಾತೀರದ ಒಂದು ಹಳ್ಳಿಯಲ್ಲಿ ನನಗೆ ಪರಿಚಿತರಾದ ರೈತರೊಬ್ಬರಿದ್ದಾರೆ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಮನೆಗಳನ್ನು ನುಂಗಿದಾಗ, ಅವರ ತೊಗರಿಯ ಬೆಳೆ ನೀರುಪಾಲಾಯಿತು. ಮನೆಯೊಳಗೆ ಎದೆಮಟ್ಟ ನೀರು ನಿಂತಿತು. ನೀರು ಇಳಿಯಿತು, ಆದರೆ ಅವರ ಕಳವಳ ಇಳಿಯಲಿಲ್ಲ. ರಾತ್ರಿ ಎರಡು ಮೂರು ಸಲ ಎದ್ದು ಹೊಳೆಯನ್ನು ನೋಡಿಬರುವರು. ಮೋಡ ಕಂಡರೆ ಬೆವರುವರು. ಒಂದು ದಿನ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿ ಹೃದಯದಲ್ಲಿ ದೋಷವಿಲ್ಲವೆಂದು ಹೇಳಿದರು. ಬೇನೆ ಇಲ್ಲವೆಂದ ಮೇಲೆ ಇದು ಮಾಟವೇ ಇರಬೇಕೆಂದು ಬಂಧುಗಳು ತೀರ್ಮಾನಿಸಿದರು. ಊರಿನ ಆಶಾ ಕಾರ್ಯಕರ್ತೆಯು ಅವರ ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತು ನನ್ನ ನೆನಪಿನಲ್ಲಿದೆ: "ಕಾಕಾ, ನಿಮ್ಮ ಎದಿ ಬಡಕೋತದ ಅಂಬೋದು ಖರೇನೇ ಅದ. ಆದ್ರ ಅದು ಎದಿ ಬ್ಯಾನಿ ಅಲ್ಲ, ಮನಸಿನ ಬ್ಯಾನಿ. ಅದಕ್ಕೂ ಡಾಕ್ಟರ್ ಅದಾರ. ನಾನೇ ಕರಕೊಂಡು ಹೋಗ್ತೀನಿ, ನಡೀರಿ." ಆ ರೈತರು ಬಹಳ ಹೊತ್ತು ಸುಮ್ಮನಿದ್ದು, "ಮಂದಿ ಹುಚ್ಚ ಅಂತಾರವ್ವಾ" ಎಂದರು. "ಮಂದಿ ಅಂದ್ರ ನಿದ್ದಿ ಬರ್ತದೇನು ಕಾಕಾ?" ಎಂದು ಆಕೆ ಕೇಳಿದಳು. ಮರುವಾರ ಅವರು ತಾಲೂಕು ಆಸ್ಪತ್ರೆಗೆ ಹೋದರು.

ವೈದ್ಯರು ಮೊದಲು ದೇಹವನ್ನು ಪರೀಕ್ಷಿಸಿದರು. ಇದು ಮುಖ್ಯವಾದ ಸಂಗತಿ. ಥೈರಾಯ್ಡ್ ಗ್ರಂಥಿಯ ಅತಿಯಾದ ಕೆಲಸ, ರಕ್ತಹೀನತೆ, ಚಹಾ ಕಾಫಿಗಳ ಅತಿಸೇವನೆ, ಮದ್ಯಪಾನ ಇವುಗಳಿಂದಲೂ ಎದೆಬಡಿತ, ನಡುಕ ಉಂಟಾಗಬಹುದು. ಅಂಥ ಕಾರಣಗಳಿಲ್ಲವೆಂದು ತಿಳಿದ ಮೇಲೆ ಚಿಕಿತ್ಸೆ ಎರಡು ದಾರಿಗಳಲ್ಲಿ ನಡೆಯಿತು.

ಮೊದಲನೆಯದು ಮಾತಿನ ಚಿಕಿತ್ಸೆ. ರೋಗಿಯು ಹೇಳುವುದನ್ನು ತಾಳ್ಮೆಯಿಂದ ಕೇಳುವುದೇ ಅದರ ಪ್ರಥಮ ಹೆಜ್ಜೆ. ಬಳಿಕ ಅವನ ಆಲೋಚನೆಗಳನ್ನು ಒಂದೊಂದಾಗಿ ತೂಗಿನೋಡಲು ಕಲಿಸುತ್ತಾರೆ. 'ಮೋಡ ಕವಿದಿದೆ, ಆದ್ದರಿಂದ ಇಂದು ರಾತ್ರಿಯೇ ಹೊಳೆ ಬರುತ್ತದೆ' ಎಂಬುದು ಮನಸ್ಸಿನ ತೀರ್ಪು. ಅದಕ್ಕೆ ಆಧಾರವೇನು? ಈ ಹಿಂದೆ ಮೋಡ ಕವಿದಾಗಲೆಲ್ಲ ಹೊಳೆ ಬಂದಿದೆಯೆ? ಬರುವುದಾದರೆ ಮುನ್ಸೂಚನೆ ಕೊಡುವವರು ಇಲ್ಲವೆ? ಹೀಗೆ ಪ್ರಶ್ನಿಸುತ್ತ ಹೋದಂತೆ ಹಾವಿನಂತೆ ಕಂಡದ್ದು ಹಗ್ಗವೆಂದು ತಿಳಿಯತೊಡಗುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಮೊದಲಾದವರು 1960ರ ದಶಕದಿಂದ ಈ ವಿಧಾನವನ್ನು ಬೆಳೆಸಿದರು.

ಅಂಜಿಕೆಯ ವಸ್ತುವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು ಇದರ ಇನ್ನೊಂದು ಭಾಗ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆಯು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಕತೆಯನ್ನು ಪ್ರಕಟಿಸಿದಳು. ಮಗುವು ತನಗೆ ಪ್ರಿಯವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಡುತ್ತಿದ್ದಳು. ಮಗು ಹೆದರದಿದ್ದರೆ ಇನ್ನಷ್ಟು ಹತ್ತಿರ ತರುತ್ತಿದ್ದಳು. ಕ್ರಮೇಣ ಮಗುವು ಮೊಲವನ್ನು ಮುಟ್ಟಿ ಆಡುವಂತಾಯಿತು. ಅಂಜಿಕೆಯಿಂದ ಓಡಿದಷ್ಟೂ ಅದು ಬೆನ್ನಟ್ಟುತ್ತದೆ. ಅಳತೆಯರಿತು ಎದುರು ನಿಂತರೆ ಅದು ತಗ್ಗುತ್ತದೆ. ನಮ್ಮ ರೈತರೂ ಮೊದಲು ಹಗಲು ಹೊತ್ತಿನಲ್ಲಿ ಮಗನೊಡನೆ ಹೊಲದ ಬದುವಿನವರೆಗೆ ಹೋದರು. ಕೆಲವು ದಿನಗಳ ಮೇಲೆ ಹೊಳೆಯ ದಂಡೆಗೆ ಹೋದರು. ಆಮೇಲೆ ಒಬ್ಬರೇ ಹೋಗಿ ಕುಳಿತುಬಂದರು. ರಾತ್ರಿ ಎದ್ದು ಹೊಳೆ ನೋಡುವುದನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದರು. ಎದೆ ಬಡಿದುಕೊಂಡಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡುವುದನ್ನು ರೂಢಿಮಾಡಿಕೊಂಡರು.

ಎರಡನೆಯದು ಔಷಧ. ಮಿದುಳಿನಲ್ಲಿ ಸುದ್ದಿಯನ್ನು ಸಾಗಿಸುವ ಸಿರೊಟೊನಿನ್ ಎಂಬ ರಾಸಾಯನಿಕದ ಮೇಲೆ ಪ್ರಭಾವ ಬೀರುವ ಮಾತ್ರೆಗಳನ್ನು ಇಂದು ಹೆಚ್ಚಾಗಿ ಕೊಡುತ್ತಾರೆ. ಇವುಗಳ ಗುಣ ಕಾಣಿಸಲು ಕೆಲವು ವಾರಗಳು ಬೇಕು. ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡುವುದಾಗಲಿ, ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದಾಗಲಿ ತಪ್ಪು. ಉದ್ವೇಗವನ್ನು ಕೂಡಲೇ ತಗ್ಗಿಸಿ ನಿದ್ದೆ ತರುವ ಬೇರೆ ಮಾತ್ರೆಗಳೂ ಇವೆ. 1963ರಲ್ಲಿ ಬಳಕೆಗೆ ಬಂದ ಡಯಾಜೆಪಾಮ್ ಅವುಗಳಲ್ಲೊಂದು. ಇವುಗಳನ್ನು ಬಹುಕಾಲ ಸೇವಿಸಿದರೆ ಅಭ್ಯಾಸವಾಗಿಬಿಡುವ ಅಪಾಯವಿರುವುದರಿಂದ ವೈದ್ಯರು ಅಲ್ಪಕಾಲ ಮಾತ್ರ, ಎಚ್ಚರಿಕೆಯಿಂದ ಕೊಡುತ್ತಾರೆ. ಔಷಧದ ಅಂಗಡಿಯಿಂದ ತಾನಾಗಿಯೇ ನಿದ್ದೆಗುಳಿಗೆ ತಂದು ನುಂಗುವುದು, ಇನ್ನೊಬ್ಬರಿಗೆ ಬರೆದುಕೊಟ್ಟದ್ದನ್ನು ತಾನು ನುಂಗುವುದು ಎಂದಿಗೂ ಸಲ್ಲದು.

ಆ ರೈತರು ಈಗ ಮತ್ತೆ ತೊಗರಿ ಬಿತ್ತುತ್ತಿದ್ದಾರೆ. ಅವರ ಅಂಜಿಕೆ ಪೂರ್ಣವಾಗಿ ಹೋಯಿತೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಮೋಡ ಗುಡುಗಿದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆಂದು ಅವರೇ ಹೇಳುತ್ತಾರೆ. ಆದರೆ ಎದ್ದು ಹೊರಗೆ ಓಡದೆ ಮಗ್ಗುಲು ಬದಲಿಸಿ ಮಲಗುತ್ತಾರೆ. ಚಿಕಿತ್ಸೆಯ ಗುರಿ ಇಷ್ಟೇ: ಅಂಜಿಕೆಯು ಬದುಕಿನಲ್ಲಿ ಉಳಿದರೂ ಬದುಕನ್ನು ಆಳದಿರುವಂತೆ ಮಾಡುವುದು.

ಇಂಥ ಚಿಕಿತ್ಸೆ ಹಿಂದೆ ಹಳ್ಳಿಯವರಿಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಇವೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆಯೊಂದೇ ಬಹುಕಾಲ ಆಸರೆಯಾಗಿದ್ದಿತು. 1982ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಊರಿನ ಬಳಿಯಲ್ಲೇ ಚಿಕಿತ್ಸೆ ಒದಗಿಸಬಹುದೆಂಬುದನ್ನು ನಿಮ್ಹಾನ್ಸಿನ ತಜ್ಞರು 1985ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಮಾಡಿ ತೋರಿಸಿದರು. ಆ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ 2014ರಿಂದ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಯಮಿತ ದಿನಗಳಲ್ಲಿ ಬಂದು ನೋಡುವ ಏರ್ಪಾಡಾಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, 'ಟೆಲಿ ಮಾನಸ್' ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ವಿದ್ಯಾರ್ಥಿಗಳಾದ ನಿಮಗೆ ಸಾಮಾನ್ಯವಾಗಿ ಎದುರಾಗುವುದು ಪರೀಕ್ಷೆಯ ಆತಂಕ. ನನ್ನ ವೃತ್ತಿಯ ಕೊನೆಯ ವರ್ಷಗಳಲ್ಲಿ ಆಳಂದ ತಾಲೂಕಿನ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಪರೀಕ್ಷೆಯೆಂದರೆ ವಾಂತಿಮಾಡಿಕೊಳ್ಳುತ್ತಿದ್ದಳು. ಈ ಬಾರಿ ನಾನು ಗದರಲಿಲ್ಲ. ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಕುಳಿತು ಅವಳ ಮಾತನ್ನು ಕೇಳಿದೆನು. "ನಾ ಫೇಲಾದ್ರ ಮದಿವಿ ಮಾಡಿಬಿಡ್ತಾರ್ರಿ ಸರ್" ಎಂದಳು. ಅವಳ ಹೊಟ್ಟೆಯಲ್ಲಿದ್ದ ಕಳವಳಕ್ಕೆ ಗಣಿತವೊಂದೇ ಕಾರಣವಲ್ಲವೆಂದು ಆಗ ತಿಳಿಯಿತು. ಗಣಿತದ ಶಿಕ್ಷಕರು ಅವಳಿಗೆ ಮೊದಲು ಸಣ್ಣ ಸಣ್ಣ ಪರೀಕ್ಷೆಗಳನ್ನು ಅಂಕವಿಲ್ಲದೆ ಕೊಟ್ಟರು. ಮುಖ್ಯೋಪಾಧ್ಯಾಯರು ಅವಳ ತಂದೆಯನ್ನು ಕರೆಸಿ, ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂಬುದನ್ನು ತಿಳಿಸಿ, ಓದು ಮುಂದುವರಿಸುವ ಮಾತು ಪಡೆದರು. ವೈದ್ಯರೂ ಒಮ್ಮೆ ನೋಡಿದರು. ಅವಳು ತೇರ್ಗಡೆಯಾದಳು. ಎಲ್ಲ ಕಳವಳವೂ ತಲೆಯೊಳಗೇ ಹುಟ್ಟುವುದಿಲ್ಲ. ಕೆಲವು ಮನೆಯಲ್ಲಿ, ಊರಿನಲ್ಲಿ, ಬಡತನದಲ್ಲಿ ಹುಟ್ಟುತ್ತವೆ. ಅವುಗಳಿಗೆ ಮಾತ್ರೆಯ ಜೊತೆಗೆ ನ್ಯಾಯವೂ ಬೇಕು.

ಪರೀಕ್ಷೆಯ ದಿನಗಳಲ್ಲಿ ನೀವು ನೆನಪಿಡಬೇಕಾದ ಕೆಲವು ವಿಷಯಗಳಿವೆ. ಕೊನೆಯ ರಾತ್ರಿಯೆಲ್ಲ ಎಚ್ಚರವಿರುವುದಕ್ಕಿಂತ ಮೊದಲಿನಿಂದ ದಿನವೂ ಸ್ವಲ್ಪ ಓದುವುದು ಮೇಲು. ನಿದ್ದೆಗೆಟ್ಟ ಮಿದುಳಿನಲ್ಲಿ ಓದಿದ್ದು ನಿಲ್ಲುವುದಿಲ್ಲ. ದಿನಕ್ಕೊಮ್ಮೆ ಮೈದಣಿಯುವಂತೆ ಆಡಬೇಕು, ಇಲ್ಲವೆ ನಡೆಯಬೇಕು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಬಡಿದುಕೊಂಡರೆ, ಅದು ದೇಹವು ಕೆಲಸಕ್ಕೆ ಸಿದ್ಧವಾಗುವ ಸದ್ದೆಂದು ತಿಳಿದು, ನಾಲ್ಕಾರು ಸಲ ನಿಧಾನವಾಗಿ ಉಸಿರಾಡಿ, ಗೊತ್ತಿರುವ ಉತ್ತರದಿಂದ ಆರಂಭಿಸಬೇಕು. ಒಂದು ಪರೀಕ್ಷೆ ಬಾಳಿನ ಕೊನೆಯಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕಲ್ಪಿಸಿದ್ದರ ಆಶಯವೂ ಇದೇ. ಇಷ್ಟಾದರೂ ಕಳವಳ ತಗ್ಗದಿದ್ದರೆ, ಬದುಕೇ ಬೇಡವೆನ್ನುವ ಯೋಚನೆ ಸುಳಿದರೆ, ಅದನ್ನು ಒಂದು ಗಳಿಗೆಯೂ ಬಚ್ಚಿಡಬಾರದು. ತಾಯಿಗೋ, ತಂದೆಗೋ, ಅಧ್ಯಾಪಕರಿಗೋ, ಗೆಳೆಯರಿಗೋ ಕೂಡಲೇ ಹೇಳಬೇಕು. ಕಾಲು ಮುರಿದವನು ಅದನ್ನು ಮುಚ್ಚಿಟ್ಟುಕೊಂಡು ನಡೆಯುವುದಿಲ್ಲ. ಮನಸ್ಸು ನೊಂದವನು ಮಾತ್ರ ಏಕೆ ಮುಚ್ಚಿಡಬೇಕು?

ಕೇಳುವವರ ಹೊಣೆಯೂ ಚಿಕ್ಕದಲ್ಲ. 'ಧೈರ್ಯ ತಂದುಕೋ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಜ್ವರ ಬಂದವನಿಗೆ 'ಜ್ವರ ಬಿಡು' ಎಂದಂತೆ. ಜೊತೆಯಲ್ಲಿ ಕುಳಿತು ಪೂರ್ತಿಯಾಗಿ ಕೇಳಬೇಕು. ಕೇಳಿದ್ದನ್ನು ಊರಿಗೆ ಸಾರಬಾರದು. ಅಗತ್ಯವಾದರೆ ಆ ಆಶಾ ಕಾರ್ಯಕರ್ತೆಯಂತೆ, 'ನಾನೇ ಕರೆದುಕೊಂಡು ಹೋಗುತ್ತೇನೆ, ನಡೆ' ಎನ್ನಬೇಕು.

ಮುಂಬಯಿಗೆ ಹೋದ ಆ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ. ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ತಿಳಿಯದು. ಅವನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ದೊರೆಯಲಿಲ್ಲ. ಆದರೆ ಅವನಂಥವರು ಇಂದಿಗೂ ಪ್ರತಿಯೊಂದು ತರಗತಿಯಲ್ಲಿ ಇದ್ದಾರೆ. ಬಹುಶಃ ನಿಮ್ಮ ಪಕ್ಕದ ಬೆಂಚಿನಲ್ಲಿಯೇ ಇರಬಹುದು. ನಾಳೆ ಈ ಪಾಠವನ್ನು ಗಟ್ಟಿಯಾಗಿ ಓದಲು ಎದ್ದುನಿಂತವರ ಧ್ವನಿ ನಡುಗಿದರೆ ನೀವು ನಗಬೇಡಿರಿ. ಪುಸ್ತಕದಲ್ಲಿ ಅವರು ನಿಂತ ಸಾಲನ್ನು ಬೆರಳಿಟ್ಟು ತೋರಿಸಿ, ಉಸಿರು ಹದಕ್ಕೆ ಬರುವವರೆಗೆ ಕಾಯಿರಿ.